ಬಿಡುವಿನ ನೂಲು

ಶ್ರೀನಿವಾಸಪುರದಂತಹ ಊರಿನಲ್ಲಿ ವಿದ್ಯಾವಂತೆಯಾದ ಗೃಹಿಣಿಯೊಬ್ಬಳು ಸಂಜೆಯ ಹೊತ್ತು ಜಗಲಿಯ ಮೇಲೆ ಪೆಟ್ಟಿಗೆ ಚರಕವನ್ನು ಬಿಚ್ಚಿ ಕುಳಿತಳೆಂದರೆ, ಬೀದಿಯಲ್ಲಿ ಹೋಗುವವರ ನಾಲಗೆಗೆ ಕೆಲಸ ದೊರೆತಂತೆಯೇ ಸರಿ. “ಮನೆಯಲ್ಲಿ ಬಟ್ಟೆಗೆ ಬರವೆ?” ಎಂದು ಒಬ್ಬರು, “ಗಾಂಧಿಯವರ ಕಾಲ ಎಂದೋ ಮುಗಿಯಿತಲ್ಲ?” ಎಂದು ಇನ್ನೊಬ್ಬರು, “ಹೊತ್ತು ಹೋಗದವರ ಉದ್ಯೋಗ” ಎಂದು ಮತ್ತೊಬ್ಬರು. ಅದೇ ಗೃಹಿಣಿಯು ಅದೇ ಹೊತ್ತನ್ನು ಟೀವಿಯ ಮುಂದೆಯೋ ಮೊಬೈಲಿನ ಮುಂದೆಯೋ ಕಳೆದಿದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಸುಮ್ಮನಿರುವುದಕ್ಕೆ ಸಮಾಧಾನ ಹೇಳಬೇಕಾಗಿಲ್ಲ, ಕೆಲಸಮಾಡುವುದಕ್ಕೆ ಮಾತ್ರ ಹೇಳಬೇಕು ಎಂಬ ಈ ವಿಚಿತ್ರ ನ್ಯಾಯವು ವಿಚಾರಕ್ಕೆ ಅರ್ಹವಾದುದು.

ಆಕೆ ಮಾಡುವುದಾದರೂ ಏನು? ಮನೆಗೆಲಸ ಮುಗಿದ ಮೇಲೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಬಲಗೈ ಚಕ್ರವನ್ನು ತಿರುವುತ್ತದೆ. ಎಡಗೈ ಹಂಜಿಯನ್ನು ಹಿಂದಕ್ಕೆ ಸೆಳೆಯುತ್ತದೆ. ಕದಿರಿನ ತುದಿಯಲ್ಲಿ ಎಳೆ ಹುಟ್ಟುತ್ತದೆ. ಹುರಿ ಕಡಿಮೆಯಾದರೆ ಎಳೆ ಜಾರಿ ಹರಿಯುತ್ತದೆ, ಹೆಚ್ಚಾದರೆ ಮುರುಟಿಕೊಂಡು ಗಂಟಾಗುತ್ತದೆ; ಎರಡರ ನಡುವಣ ಹದವನ್ನು ಬೆರಳುಗಳೇ ಕಲಿಯಬೇಕು. ಎರಡು ಎಳೆಗಳನ್ನು ಮೊದಲಿನ ಹುರಿಗೆ ವಿರುದ್ಧವಾಗಿ ಕೂಡಿಸಿ ಹೊಸೆದರೆ ಹೆಣಿಗೆಗೆ ಯೋಗ್ಯವಾದ ದಾರ ಸಿದ್ಧವಾಗುತ್ತದೆ. ಆಮೇಲೆ ಎರಡು ಕಡ್ಡಿಗಳು, ಸಾಲು ಸಾಲಾಗಿ ಕುಣಿಕೆಗಳು. ಒಂದು ಕುಣಿಕೆ ಜಾರಿದ್ದು ಹತ್ತು ಸಾಲು ಕಳೆದ ಮೇಲೆ ಕಣ್ಣಿಗೆ ಬಿದ್ದರೆ, ಹಿಂದಕ್ಕೆ ಹೋಗಿ ಅದನ್ನು ಸರಿಪಡಿಸಲೇಬೇಕು. ತಪ್ಪನ್ನು ಮುಚ್ಚಿಕೊಳ್ಳಲು ಎಡೆಯೇ ಇಲ್ಲದ ವಿದ್ಯೆಗಳು ಲೋಕದಲ್ಲಿ ಕೆಲವೇ, ಅವುಗಳಲ್ಲಿ ಇದೊಂದು.

ಮೊದಲನೆಯ ಆಕ್ಷೇಪವು ಲೆಕ್ಕದ್ದು. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ ಸ್ವೆಟರಿಗೆ ತಿಂಗಳುಗಟ್ಟಲೆ ದುಡಿಯುವುದು ಯಾವ ಜಾಣತನ? ಲೆಕ್ಕ ಸರಿಯಾದುದೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮನೆಯಲ್ಲಿ ವೀಣೆ ನುಡಿಸುವವಳನ್ನು “ತಿಂಗಳಿಗೆ ಎಷ್ಟು ಸಂಭಾವನೆ?” ಎಂದು ಕೇಳುವವರುಂಟೆ? ಅಂಗಳದ ರಂಗೋಲಿಗೆ ಕೂಲಿ ಕಟ್ಟುವವರುಂಟೆ? ವೀಣೆಗೆ ಅನ್ವಯಿಸದ ತಕ್ಕಡಿಯನ್ನು ರಾಟೆಗೆ ಮಾತ್ರ ಹಿಡಿಯುವುದಕ್ಕೆ ಕಾರಣ ಒಂದೇ: ವೀಣೆ ದೊಡ್ಡ ಮನೆಯ ಕಲೆಯೆಂದೂ ರಾಟೆ ಬಡವರ ಕಸುಬೆಂದೂ ಎಣಿಸಿರುವುದು. ಇದು ಅರ್ಥಶಾಸ್ತ್ರವಲ್ಲ, ಅಂತಸ್ತಿನ ಅಭಿಮಾನ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. 1924ರ ಡಿಸೆಂಬರಿನಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ಸು, ಸದಸ್ಯರಾಗುವವರು ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸತಕ್ಕದ್ದೆಂದು ವಿಧಿಸಿತು. ದಿನಕ್ಕೆ ಲೆಕ್ಕಹಾಕಿದರೆ 70 ಗಜವೂ ಆಗದು. ಆದರೂ ವರ್ಷ ತುಂಬುವುದರೊಳಗಾಗಿ, 1925ರ ಸೆಪ್ಟೆಂಬರಿನಲ್ಲಿ, ಆ ವಿಧಿಯನ್ನು ಸಡಿಲಿಸಬೇಕಾಯಿತು. ಅದೇ ತಿಂಗಳು ರವೀಂದ್ರನಾಥ ಠಾಕೂರರು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ, ಎಲ್ಲರೂ ಒಂದೇ ಚಕ್ರವನ್ನು ತಿರುವಬೇಕೆಂಬುದು ಮನಸ್ಸನ್ನು ಜಡಗೊಳಿಸುವುದೆಂದು ವಾದಿಸಿದರು; ಗಾಂಧಿಯವರು ನವೆಂಬರಿನ ‘ಯಂಗ್ ಇಂಡಿಯಾ’ದಲ್ಲಿ ಉತ್ತರ ಕೊಟ್ಟರು. ಇಂದು ಜಗಲಿಯ ಮೇಲೆ ನೂಲುವವಳನ್ನು ಹಳಿಯುವವರು ಕವಿಯ ವಾದವನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಆ ವಾದವಿದ್ದುದು ನಿರ್ಬಂಧದ ಮೇಲೆ. ಈಕೆಯನ್ನು ನಿರ್ಬಂಧಿಸಿದವರು ಯಾರು? ಬೇಡವೆಂದವರೇ ಹೆಚ್ಚು. ವಿಧಿಯಾಗಿ ಬಂದ ರಾಟೆ ವಿಧಿಯೊಡನೆ ಹೋಯಿತು. ಇಷ್ಟದಿಂದ ಬಂದ ರಾಟೆ ಉಳಿದಿದೆ. ಕವಿಯು ಬಯಸಿದ ಸ್ವಾತಂತ್ರ್ಯವು ಈ ಜಗಲಿಯಲ್ಲಿಯೇ ಇದೆಯೆಂದರೆ ತಪ್ಪೇನು?

ಇನ್ನು, ನೂಲುವುದು ಬುದ್ಧಿವಂತರಿಗೆ ತಕ್ಕುದಲ್ಲವೆಂಬ ಮಾತು. ಕನ್ನಡ ನಾಡಿನಲ್ಲಿ ಈ ಮಾತನ್ನು ಆಡುವುದಕ್ಕೆ ಸಂಕೋಚಪಡಬೇಕು. ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವುದನ್ನೇ ಕಾಯಕವಾಗಿ ಮಾಡಿಕೊಂಡು, ರಾಟೆಯ ಅಂಗಾಂಗಗಳಲ್ಲಿಯೇ ತನ್ನ ಅನುಭಾವಕ್ಕೆ ಮಾತು ಕಂಡುಕೊಂಡವಳು. ಕದಿರು ಆಕೆಯ ಹೆಸರಿಗೇ ಅಂಟಿ ಬಂದಿದೆ. ಆ ಕೈಗೆ ವಚನ ಒಲಿಯಿತು; ಈ ಕಾಲದ ಪದವೀಧರೆಯ ಕೈಗೆ ಮಾತ್ರ ರಾಟೆ ಕುಂದೆ?

ಇಷ್ಟರವರೆಗೆ ಪ್ರತಿವಾದಿಗಳಿಗೆ ಉತ್ತರವಾಯಿತು. ಆದರೆ ಹವ್ಯಾಸಿಗಳ ಪಕ್ಷದಲ್ಲಿಯೂ ಒಂದು ದೊಡ್ಡ ದೋಷವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ನಮ್ಮವಳು ಹೆಣೆಯುತ್ತಾಳೆ, ನಿಜ; ಯಾವುದರಿಂದ? ಪೇಟೆಯಲ್ಲಿ ‘ಉಲ್ಲನ್’ ಎಂಬ ಹೆಸರಿನಿಂದ ಮಾರುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಭಾಗ ಉಣ್ಣೆಯೇ ಅಲ್ಲ; ಕಲ್ಲೆಣ್ಣೆಯಿಂದ ಕಾರ್ಖಾನೆಯಲ್ಲಿ ಇಳಿಸಿದ ಅಕ್ರಿಲಿಕ್. ಸಂಶಯವಿದ್ದವರು ಒಂದು ತುಣುಕಿಗೆ ಬೆಂಕಿ ಮುಟ್ಟಿಸಿ ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ ಉರಿದು, ಗಟ್ಟಿಯಾದ ಕರಿಯ ಮಣಿಯಾಗುತ್ತದೆ. ಹಸುಗೂಸಿನ ಕುಲಾವಿಗೆ ಈ ವಸ್ತುವನ್ನು ಆರಿಸುವ ತಾಯಿಯು ಒಮ್ಮೆ ಯೋಚಿಸಬೇಡವೆ? ಇನ್ನು ಕೆಲವರು ಕಡಲಾಚೆಯ ಮೆರಿನೋ ಉಣ್ಣೆಯನ್ನು ಅಂಚೆಯಲ್ಲಿ ತರಿಸಿ ನೂಲುತ್ತಾರೆ. ಅದು ಮೃದುವೇನೋ ಹೌದು. ಆದರೆ ಮನೆಯ ಬಾಗಿಲಿನಲ್ಲಿರುವುದನ್ನು ನೋಡದ ಕಣ್ಣು ಎಂತಹ ಕಲಾವಿದೆಯ ಕಣ್ಣು?

ಬಾಗಿಲಿನಲ್ಲಿರುವುದು ಏನು? ಮೊದಲನೆಯದು ರೇಷ್ಮೆ. ಹಿಪ್ಪುನೇರಳೆಯ ತೋಟಗಳು ಈ ಸೀಮೆಗೆ ಹೊಸವಲ್ಲ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಅರಿಯದವರಿಲ್ಲ. ಚಿಟ್ಟೆ ತೂತುಮಾಡಿ ಹೊರಬಂದ ಗೂಡಿನ ಎಳೆ ತುಂಡುತುಂಡಾಗಿರುವುದರಿಂದ, ಅದನ್ನು ಒಂದೇ ನೂಲಾಗಿ ಬಿಚ್ಚಲಾಗದು. ನೂಲು ಬಿಚ್ಚುವಲ್ಲಿ ಉಳಿಯುವ ಸಿಕ್ಕುಸಿಕ್ಕಾದ ಚಿಂದಿಯೂ ಹಾಗೆಯೇ. ಆದರೆ ಬಿಚ್ಚಲಾಗದ್ದನ್ನು ನೂಲಬಹುದು. ಸಾಬೂನು, ಸೋಡಾ ಹಾಕಿ ಕುದಿಸಿದರೆ ತೂಕದ ಸುಮಾರು ಕಾಲುಭಾಗದಷ್ಟಿರುವ ಅಂಟು ಕರಗಿಹೋಗುತ್ತದೆ. ಒಣಗಿಸಿ, ಹಿಂಜಿ, ಎಳೆದರೆ ಹೊಳಪು ತಗ್ಗಿದ, ಬೆಚ್ಚನೆಯ, ಮೈಗೆ ಹಿತವಾದ ದಾರ ಬರುತ್ತದೆ. ಯಂತ್ರವು ಕಸವೆಂದುದನ್ನು ಕೈ ವಸ್ತ್ರವಾಗಿಸುತ್ತದೆ.

ಎರಡನೆಯದು ಉಣ್ಣೆ. ಕಳೆದ ಶತಮಾನದ ಆದಿಯಲ್ಲಿ ಕೋಲಾರ ಪಟ್ಟಣದ ಕಸುಬುಗಳನ್ನು ಹೆಸರಿಸಿದ ಗ್ರಂಥಕಾರರು ಕಂಬಳಿಯ ನೇಯ್ಗೆಯನ್ನು ಮುಖ್ಯವಾಗಿ ಎಣಿಸಿದ್ದರು. ಕುರುಬರ ಮನೆಯ ಹೆಂಗಸರು ಉಣ್ಣೆ ನೂಲುತ್ತಿದ್ದರು. ಹಾಸಿಗೆ ಹುಣಿಸೆಬೀಜದ ಗಂಜಿ ಹಾಕಿ ನೇಯುತ್ತಿದ್ದರು. ಇಂದು ಕುರಿಗೆ ಬೆಲೆ ಮಾಂಸದಿಂದ. ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದು ಕಷ್ಟ. ಈ ಉಣ್ಣೆ ಒರಟು. ಬರಿಯ ಮೈಗೆ ಚುಚ್ಚುತ್ತದೆ, ಒಪ್ಪತಕ್ಕ ಮಾತೇ. ಆದರೆ ಮೇಲಂಗಿಗೆ, ಆಸನಕ್ಕೆ, ಶಾಲಿಗೆ ಅದರಷ್ಟು ಬಾಳುವುದು ಬೇರೊಂದಿಲ್ಲ. ಧಾಬಳಿಯನ್ನು ಮಡಿಯೆಂದು ಉಟ್ಟ ಮನೆಗಳೂ ಕರಿಯ ಕಂಬಳಿಯ ಗದ್ದಿಗೆಯ ಮೇಲೆ ಶುಭಕಾರ್ಯ ನಡೆಸಿದ ಮನೆಗಳೂ ಇದೇ ನಾಡಿನವು. ಉಣ್ಣೆಯನ್ನು ಮಡಿಯೆಂದು ಒಪ್ಪಿ, ಅದನ್ನು ನೂತ ಕೈಯನ್ನು ದೂರವಿರಿಸಿದ್ದು ಯಾವ ಶುದ್ಧಿ?

ಇಲ್ಲಿಯೇ ಇರುವುದು ಮುಖ್ಯವಾದ ಪ್ರಶ್ನೆ. ಎಲ್ಲಿ ಕಸುಬು ಅನ್ನ ಕೊಡುವುದನ್ನು ನಿಲ್ಲಿಸಿತೋ ಅಲ್ಲಿ ಆ ಮನೆಯ ಮಕ್ಕಳು ಅದನ್ನು ಬಿಟ್ಟರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಉಳಿದಿರುವುದು ಹಳ್ಳಿಗಳ ಮುದುಕಿಯರ ಬೆರಳುಗಳಲ್ಲಿನ ಹದ. ಕನ್ನಡದಲ್ಲಿ ರಾಟೆಯೆಂದೂ ತೆಲುಗಿನಲ್ಲಿ ರಾಟ್ನವೆಂದೂ ಎರಡು ನುಡಿಗಳಲ್ಲಿ ಬದುಕಿದ ಆ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಳಿಯದು. ಕೈಯಿಂದ ಕೈಗೆ ದಾಟದಿದ್ದರೆ ಆ ಮುದುಕಿಯರೊಡನೆಯೇ ಮಣ್ಣಾಗುತ್ತದೆ. ಅದನ್ನು ಕಲಿಯುವ ಬಿಡುವು ಈಗ ಯಾರಿಗಿದೆ? ಜಗತ್ತು ‘ಹೊತ್ತು ಹೋಗದವಳು’ ಎಂದು ನಗುವ ಆ ಗೃಹಿಣಿಗೇ ಇದೆ. ಅವಳ ಬಿಡುವು ಅವಳೊಬ್ಬಳ ಸ್ವತ್ತಲ್ಲ. ಅದು ಸೀಮೆಯ ಒಂದು ಋಣ.

ಆದಕಾರಣ ಆಕೆಯು ಅಂಗಡಿಯ ಉಂಡೆಯನ್ನು ಕೊಳ್ಳುವ ಮೊದಲು ಕುರಿಯ ಹಟ್ಟಿಗೊಮ್ಮೆ ಹೋಗಲಿ. ಉಣ್ಣೆಗೆ ಚೌಕಾಸಿಯಿಲ್ಲದೆ ಬೆಲೆ ಕೊಡಲಿ. ಹಳ್ಳಿಯ ಅಜ್ಜಿಯನ್ನು ಜಗಲಿಗೆ ಕರೆದು, ಸಂಗೀತದ ಗುರುವಿಗೆ ಕೊಡುವ ಮರ್ಯಾದೆಯನ್ನೂ ಸಂಭಾವನೆಯನ್ನೂ ಅವಳಿಗೆ ಕೊಟ್ಟು ಕಲಿಯಲಿ. ಮನೆಯ ಗಂಡಸರು ನಗುವುದನ್ನು ಬಿಟ್ಟು ಹತ್ತು ನಿಮಿಷ ಹಂಜಿ ಹಿಡಿದು ನೋಡಲಿ. ಎಳೆ ಮೂರು ಸಲ ಹರಿದ ಮೇಲೆ, ಇದು ಹೊತ್ತು ಹೋಗದವರ ಉದ್ಯೋಗವೋ ಅಲ್ಲವೋ ಎಂಬುದನ್ನು ಅವರೇ ಹೇಳಲಿ.