ಕ್ಯಾಂಪಿನವರ ಕಾಗದ

ಸಿರುಗುಪ್ಪದಿಂದ ಹೊಳೆ ದಾಟಿ ಸಿಂಧನೂರಿಗೆ ಓಡಾಡುವವರಿಗೆ ‘ಕ್ಯಾಂಪ್’ ಎಂಬ ಮಾತು ಹೊಸದಲ್ಲ. ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕಟ್ಟಿದ ಊರುಗಳಿಗೆಲ್ಲ ಅದೇ ಹೆಸರು. ಆದರೆ ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಅಲ್ಲಿನ ಬಂಗಾಳಿಗಳು ಹೊಲ ಕೊಳ್ಳಲು ಬಂದವರಲ್ಲ, ಜೀವ ಉಳಿಸಿಕೊಳ್ಳಲು ಬಂದವರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಈ ಹಿಂದೂ ಕುಟುಂಬಗಳನ್ನು 1970ರ ಆಸುಪಾಸಿನಲ್ಲಿ ಸರ್ಕಾರವೇ ತಂದು ಇಳಿಸಿತು. ಜಮೀನು ಕೊಟ್ಟಿತು, ಸೂರು ಕೊಟ್ಟಿತು. ಮೀನು-ಅನ್ನದ ಜನ ಭತ್ತದ ಗದ್ದೆಗೆ ಇಳಿದರು.

ಅಷ್ಟಕ್ಕೆ ಮುಗಿಯಿತೇ? ಮುಗಿಯಲಿಲ್ಲ. ಸರ್ಕಾರಿ ಲೆಕ್ಕದಲ್ಲಿ ಬಂದವರ ಬೆನ್ನಿಗೇ ನೆಂಟರಿಷ್ಟರು ಬಂದರು. ಅವರಿಗೆ ಹೊಲವೂ ಇಲ್ಲ, ಪೌರತ್ವದ ಕಾಗದವೂ ಇಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಪಾಸಾದದ್ದು 2019ರ ಡಿಸೆಂಬರಿನಲ್ಲಿ. ಅದರ ನಿಯಮ ಹೊರಬೀಳಲು 2024ರ ಮಾರ್ಚ್ 11ರವರೆಗೆ ಕಾಯಬೇಕಾಯಿತು. ಆ ವರ್ಷದ ಆಗಸ್ಟಿನಲ್ಲಿ ಸಿಂಧನೂರು ಕ್ಯಾಂಪಿನ ಐವರಿಗೆ ಪೌರತ್ವ ಸಿಕ್ಕಿತು. ಐವರಿಗೆ, ಅಷ್ಟೆ!

ಉಳಿದವರು ಅರ್ಜಿ ಹಾಕಬಾರದೇ ಎಂದು ಅಂಗಡಿ ಕಟ್ಟೆಯಲ್ಲಿ ಕೂತು ಕೇಳುವುದು ಸುಲಭ. ಗಂಟು ಇರುವುದು ಅಲ್ಲೇ. ಅರ್ಜಿ ಹಾಕುವವನು ಮೊದಲು ತಾನು ಪರದೇಶದವನೆಂದು ಬರೆದುಕೊಡಬೇಕು. ಪಡಿತರ ಚೀಟಿ, ವೋಟರ್ ಕಾರ್ಡು ಕೈಯಲ್ಲಿದ್ದವನ ಎದೆ ಧಸಕ್ಕೆನ್ನುವುದು ಆಗಲೇ. ಅರ್ಜಿ ತಿರಸ್ಕಾರವಾದರೆ ಇದ್ದದ್ದೂ ಹೋದೀತೇ? ಅದೂ ಅಲ್ಲದೆ ಬಂಗ್ಲಾದೇಶದ ಮೂಲ ತೋರಿಸುವ ಒಂದಾದರೂ ದಾಖಲೆ ಬೇಕು. ತಂದೆಯದೋ ತಾತನದೋ ಆದರೂ ನಡೆಯುತ್ತದೆ, ಸರಿ. ಆದರೆ ರಾತ್ರೋರಾತ್ರಿ ಮನೆ ಬಿಟ್ಟು ಓಡಿದವನು ಪಹಣಿ ಕಂಕುಳಲ್ಲಿಟ್ಟುಕೊಂಡು ಬರುತ್ತಾನೇನ್ರಿ? ಹುಟ್ಟಿದ ತಾರೀಖಿನ ಲೆಕ್ಕವೂ ಉಂಟು. 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಭಾರತೀಯ. ಆಮೇಲೆ ಹುಟ್ಟಿದ ತಮ್ಮನಿಗೆ ಅಪ್ಪ-ಅಮ್ಮನ ಕಾಗದ ಬೇಕು. ಒಂದೇ ಮನೆ, ಎರಡು ನ್ಯಾಯ.

ಅರ್ಜಿ ಮೊದಲು ಹೋಗುವುದು ಯಾರ ಮೇಜಿಗೆ ಗೊತ್ತೇ? ಅಂಚೆ ಇಲಾಖೆಯ ಸೂಪರಿಂಟೆಂಡೆಂಟ್ ಸಾಹೇಬರ ಮೇಜಿಗೆ. ಜಿಲ್ಲಾ ಸಮಿತಿಗೆ ಅವರೇ ಯಜಮಾನರು. ಅದರ ಮೇಲೆ ಜನಗಣತಿ ನಿರ್ದೇಶಕರ ಸಮಿತಿ. ರಾಜ್ಯ ಸರ್ಕಾರದ ಕೈಯಲ್ಲಿ ಹೆಚ್ಚೇನೂ ಉಳಿದಿಲ್ಲ.

ಇಷ್ಟೆಲ್ಲ ಗೋಜಲಿಗೆ ಮೂಲ ಒಂದೇ. ನಿರಾಶ್ರಿತ ಯಾರು ಎಂದು ಹೇಳುವ ಕಾನೂನೇ ನಮ್ಮಲ್ಲಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ದೆಹಲಿ ಸಹಿ ಹಾಕಿಲ್ಲ. ಹೀಗಾಗಿ ಬಂದವನ ಹಣೆಬರಹ ಆಯಾ ಕಾಲದ ಆದೇಶದ ಮೇಲೆ. ಬೈಲಕುಪ್ಪೆಯಲ್ಲಿ 1960ರಿಂದ ಇರುವ ಟಿಬೆಟನ್ನರಿಗೆ ಜಮೀನು ಉಂಟು, ಶಾಲೆ ಉಂಟು, ಆದರೆ ಹೊಸ ಕಾಯ್ದೆ ಅವರಿಗಿಲ್ಲ. ಶ್ರೀಲಂಕಾ ತಮಿಳರಿಗೂ ಇಲ್ಲ. ಬಾಂಗ್ಲಾ, ಪಾಕ್, ಅಫ್ಘಾನಿಸ್ತಾನದ ಮುಸಲ್ಮಾನನಿಗಂತೂ ಇಲ್ಲವೇ ಇಲ್ಲ. ಕಾಗದವಿಲ್ಲದೆ ಸಿಕ್ಕಿಬಿದ್ದವರನ್ನು ಇಡಲು ನೆಲಮಂಗಲದ ಬಳಿ ಸೊಂಡೇಕೊಪ್ಪದಲ್ಲಿ ಕೇಂದ್ರವೊಂದನ್ನು ಮಾಡಿದ್ದಾರೆ. ಅದೂ ಹಳೇ ಹಾಸ್ಟೆಲ್ ಕಟ್ಟಡ.

ಕಾಗದ ಸಿಕ್ಕವರಿಗೂ ಇನ್ನೊಂದು ತಕರಾರು ಉಳಿದಿದೆ. ಕ್ಯಾಂಪಿನಲ್ಲಿ ಬಹಳ ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ನಮ್ಮ ರಾಜ್ಯದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ತಹಶೀಲ್ದಾರ್ ಕಚೇರಿಯಲ್ಲಿ ಜಾತಿ ಸರ್ಟಿಫಿಕೇಟ್ ಕೇಳಿದರೆ ಬರಿಗೈ. ಪಟ್ಟಿ ತಿದ್ದಲು ಸಂಸತ್ತೇ ಕಾನೂನು ಮಾಡಬೇಕು.