ಚಿತ್ರಮಂದಿರ ಮುಚ್ಚಿಸಿದ್ದು ಪ್ರೇಕ್ಷಕರಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಊರುಗಳಲ್ಲಿ ಏಕಪರದೆ ಚಿತ್ರಮಂದಿರಗಳು ಸೊರಗಲು ಮೊಬೈಲ್‌ಗೆ ಅಂಟಿಕೊಂಡ ಪ್ರೇಕ್ಷಕರೇ ಕಾರಣ ಎಂಬ ವಾದ ಅರ್ಧಸತ್ಯ. ಒಟಿಟಿಯಿಂದ ಪೆಟ್ಟು ಬಿದ್ದದ್ದು ನಿಜ. ಆದರೆ ಮಂದಿರಗಳ ಲೆಕ್ಕಾಚಾರ ಅದಕ್ಕೂ ಮೊದಲೇ ತಪ್ಪಿತ್ತು.

ರೀಲಿನ ಕಾಲದಲ್ಲಿ ಪ್ರಿಂಟುಗಳು ದೊಡ್ಡ ನಗರಗಳಲ್ಲಿ ಓಡಿದ ಮೇಲೆ ತಗಡಿನ ಡಬ್ಬಿಗಳಲ್ಲಿ ತಾಲ್ಲೂಕು ಕೇಂದ್ರಕ್ಕೆ ಬರುತ್ತಿದ್ದವು. ಎರಡು ಸಾವಿರ ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಆಪರೇಟರ್ ಪಕ್ಕದ ಪ್ರೊಜೆಕ್ಟರ್ ಚಾಲೂ ಮಾಡಬೇಕಿತ್ತು. ಡಿಜಿಟಲ್ ಬಂದ ಮೇಲೆ ಚಿತ್ರ ಎಲ್ಲೆಡೆ ಒಂದೇ ದಿನ ಬಿಡುಗಡೆಯಾಗತೊಡಗಿತು. ಗಳಿಕೆ ಮೊದಲ ವಾರಕ್ಕೇ ಕುಗ್ಗಿತು. ಯಂತ್ರದ ಖರ್ಚು ಮಾತ್ರ ಏರಿತು.

ತೆರಿಗೆಯೂ ಹೊರೆಯಾಯಿತು. ಕರ್ನಾಟಕದಲ್ಲಿ ಮನರಂಜನಾ ತೆರಿಗೆಯಿಂದ ವಿನಾಯಿತಿ ಪಡೆದಿದ್ದ ಕನ್ನಡ ಚಿತ್ರಗಳಿಗೂ 2017ರ ಜುಲೈನಿಂದ ಜಿಎಸ್‌ಟಿ ಬಿತ್ತು. 100 ರೂಪಾಯಿವರೆಗಿನ ಟಿಕೆಟಿಗೆ ಶೇ 18ರಷ್ಟಿದ್ದ ದರ 2019ರಲ್ಲಿ ಶೇ 12ಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ ಶೇ 5ಕ್ಕೆ ಇಳಿಯಿತು. ಅಷ್ಟರಲ್ಲಿ ಕೋವಿಡ್ ಅನೇಕ ಮಂದಿರಗಳ ಬಾಗಿಲು ಹಾಕಿಸಿತ್ತು.

ಪ್ರೇಕ್ಷಕರ ಕೊರತೆಯೊಂದೇ ಕಾರಣವಾಗಿದ್ದರೆ ಬೆಂಗಳೂರಿನಂಥ ಮಹಾನಗರದಲ್ಲಿ ಸಾವಿರಕ್ಕೂ ಹೆಚ್ಚು ಆಸನಗಳ ಕಪಾಲಿ 2017ರಲ್ಲಿ, ಕಾವೇರಿ 2024ರಲ್ಲಿ ಮುಚ್ಚಬೇಕಿರಲಿಲ್ಲ. ಅಲ್ಲಿ ಟಿಕೆಟ್ಟಿನ ಆದಾಯಕ್ಕಿಂತ ನಿವೇಶನದ ಬೆಲೆ ದೊಡ್ಡದಾಗಿತ್ತು. ಮೆಚ್ಚಿದ ಚಿತ್ರಕ್ಕೆ ಜನ ಬರುತ್ತಾರೆ ಎಂಬುದಕ್ಕೆ 2022ರ ‘ಕಾಂತಾರ’ವೇ ಸಾಕ್ಷಿ.

ಆದ್ದರಿಂದ ಪರಿಹಾರ ಪ್ರೇಕ್ಷಕರನ್ನು ದೂರುವುದರಲ್ಲಿಲ್ಲ. ದೊಡ್ಡ ಸಭಾಂಗಣವನ್ನು ಎರಡು ಸಣ್ಣ ಪರದೆಗಳಾಗಿ ಮಾರ್ಪಡಿಸಲು ಸುಲಭ ಅನುಮತಿ, ನವೀಕರಣಕ್ಕೆ ಕಡಿಮೆ ಬಡ್ಡಿಯ ಸಾಲ, ವಿದ್ಯುತ್ ದರದಲ್ಲಿ ರಿಯಾಯಿತಿ: ತಾಲ್ಲೂಕು ಕೇಂದ್ರಗಳ ಮಂದಿರಗಳಿಗೆ ತುರ್ತಾಗಿ ಬೇಕಿರುವುದು ಇವು.