ವಸ್ತುಸಂಗ್ರಹಾಲಯದೊಳಗೊಂದು ಗಣಿ

ದೀಪಕ್ಕೆ ವಿದ್ಯುತ್ತು, ಮನೆಗೆ ಕಬ್ಬಿಣ, ಕೊರಳಿಗೆ ಚಿನ್ನ ಇವು ಎಲ್ಲಿಂದ ಬಂದುವೆಂದು ನಗರವಾಸಿಗಳು ಯೋಚಿಸುವುದು ಅಪರೂಪ. ಯೋಚಿಸಿದರೂ ಗಣಿಯೊಳಗೆ ಕಾಲಿಡುವ ಅವಕಾಶ ಎಲ್ಲರಿಗೂ ಒದಗುವುದಿಲ್ಲ. ಈ ಕೊರತೆಯನ್ನು ನೀಗಲೆಂದೇ ಅಮೆರಿಕದ ಷಿಕಾಗೋ ನಗರದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದೊಳಗೆ ಒಂದು ಕಲ್ಲಿದ್ದಲ ಗಣಿಯನ್ನೇ ನಿರ್ಮಿಸಿದ್ದಾರೆ.

ಇದರ ಪ್ರೇರಣೆ ಜರ್ಮನಿಯದು. ಮ್ಯೂನಿಕ್ ನಗರದಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರು 1903ರಲ್ಲಿ ಸ್ಥಾಪಿಸಿದ ಸಂಗ್ರಹಾಲಯದಲ್ಲಿ ಪ್ರೇಕ್ಷಕರು ದೂರ ನಿಂತು ನೋಡಬೇಕಾಗಿರಲಿಲ್ಲ. ತಾವೇ ಗುಂಡಿಯನ್ನೊತ್ತಿ, ಹಿಡಿಯನ್ನು ತಿರುಗಿಸಿ ಯಂತ್ರಗಳ ಮರ್ಮವನ್ನು ಅರಿಯಬಹುದಾಗಿತ್ತು. 1911ರಲ್ಲಿ ಷಿಕಾಗೋದ ಶ್ರೀಮಂತ ವರ್ತಕ ಜೂಲಿಯಸ್ ರೋಸೆನ್‌ವಾಲ್ಡ್ ತಮ್ಮ ಎಂಟು ವರ್ಷದ ಮಗನೊಡನೆ ಅಲ್ಲಿಗೆ ಹೋದರು. ಹುಡುಗನ ಉತ್ಸಾಹವನ್ನು ಕಂಡ ತಂದೆಗೆ ತಮ್ಮ ಊರಿಗೂ ಇಂಥದೊಂದು ಬೇಕೆನಿಸಿತು. ಅದಕ್ಕಾಗಿ ಅವರು ಧಾರಾಳವಾಗಿ ಹಣವಿತ್ತರು. ಆದರೆ ಅದು ಬಾಗಿಲು ತೆರೆದುದು 1933ರಲ್ಲಿ; ಅದನ್ನು ಕಾಣಲು ಅವರು ಉಳಿದಿರಲಿಲ್ಲ.

ಈ ಗಣಿಯನ್ನು ಸೇರಬೇಕಾದರೆ ಮೊದಲು ಮೆಟ್ಟಿಲು ಹತ್ತಬೇಕು! ಮೇಲಿನಿಂದ ಪಂಜರದಂಥ ಲಿಫ್ಟು ಕತ್ತಲೆಯಲ್ಲಿ ಇಳಿಯತೊಡಗುತ್ತದೆ. ನೂರಾರು ಅಡಿ ಭೂಗರ್ಭಕ್ಕೆ ಇಳಿದೆವೆಂದು ಪ್ರೇಕ್ಷಕರು ಬೆರಗಾಗುತ್ತಾರೆ. ವಾಸ್ತವದಲ್ಲಿ ಅವರು ತಲಪಿರುವುದು ಕಟ್ಟಡದ ಕೆಳ ಅಂತಸ್ತನ್ನು ಮಾತ್ರ. ಅಲ್ಲಿ ಪುಟ್ಟ ರೈಲೊಂದು ಅವರನ್ನು ಸುರಂಗದೊಳಗೆ ಒಯ್ಯುತ್ತದೆ.

ಇಳಿದ ಆಳ ಭ್ರಮೆಯಾದರೂ ಅಲ್ಲಿ ಕಲಿಯುವ ಪಾಠ ಭ್ರಮೆಯಲ್ಲ. ಮಾರ್ಗದರ್ಶಕರು ತುಸು ಮೀಥೇನ್ ಅನಿಲವನ್ನು ಹೊತ್ತಿಸಿ ತೋರಿಸುತ್ತಾರೆ. ಢಮ್ಮೆಂಬ ಸದ್ದಿಗೆ ಎಲ್ಲರೂ ಬೆಚ್ಚುತ್ತಾರೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಸುಮಾರು ಶೇಕಡ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಇಂಥ ಸ್ಫೋಟಕ್ಕೆ 92 ಮಂದಿ ಬಲಿಯಾದರು. ಅವರಲ್ಲಿ ಎಳೆಯ ಹುಡುಗರೂ ಇದ್ದರು. ಮೂರು ವರ್ಷಗಳ ತರುವಾಯ ಹಂಫ್ರಿ ಡೇವಿ ಜ್ವಾಲೆಯ ಸುತ್ತಲೂ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊದಿಸಿದ ದೀಪವನ್ನು ರಚಿಸಿದನು. ಬಲೆಯು ಶಾಖವನ್ನು ಹೀರಿ ಹರಡುವುದರಿಂದ ಒಳಗಿನ ಉರಿ ಹೊರಗಿನ ಅನಿಲವನ್ನು ಮುಟ್ಟದು. ಅಷ್ಟೇ ಅಲ್ಲ, ಅನಿಲವಿರುವೆಡೆ ಜ್ವಾಲೆಯ ತಲೆ ನೀಲಿಯಾಗಿ ನೀಳವಾಗುವುದು; ಕಾಣದ ಶತ್ರುವಿನ ಸುಳಿವನ್ನು ದೀಪವೇ ಕೊಡುವುದು! ಹತ್ತು ಪುಟ ಓದಿದರೂ ನಾಟದ ಈ ಸಂಗತಿ ಆ ಒಂದು ಸದ್ದಿನಿಂದ ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತದೆ.

ಕನ್ನಡಿಗರಿಗೆ ಇದು ದೂರದ ಸುದ್ದಿಯೇನೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದರು. ಅಲ್ಲಿನ ಬಂಡೆ ಕೈಯಿಡಲಾರದಷ್ಟು ಬಿಸಿ; ಮೇಲಿನ ಭಾರಕ್ಕೆ ಶಿಲೆಯೇ ಸಿಡಿದು ಪ್ರಾಣ ತೆಗೆಯುತ್ತಿದ್ದುದೂ ಉಂಟು. 2001ರ ಫೆಬ್ರವರಿಯಲ್ಲಿ ಆ ಗಣಿ ಮುಚ್ಚಿತು. ಅಲ್ಲಿ ದುಡಿದವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಕೊರಳ ಸರದಲ್ಲಿ ಹೊಳೆಯುವ ಚಿನ್ನಕ್ಕೆ ಯಾರು ಎಂಥ ಬೆಲೆ ತೆತ್ತರೆಂಬುದನ್ನು ಮುಂದಿನ ಮಕ್ಕಳಿಗೆ ತಿಳಿಸಬೇಕಾದರೆ ಕೇವಲ ಪುಸ್ತಕದ ಮಾತು ಸಾಲದು. ಕ್ಷಣಕಾಲವಾದರೂ ಅವರನ್ನು ಆ ಕತ್ತಲೆಯಲ್ಲಿ ನಿಲ್ಲಿಸಬೇಕು.